ಆರು ತಿಂಗಳ ಮಾತ್ರೆ, ಒಂದು ವೀಸಾ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನ್ನ ಗೆಳೆಯನದೊಂದು ಔಷಧಿ ಅಂಗಡಿ ಇದೆ. ಸಂಜೆ ಹೊತ್ತು ಅಲ್ಲಿ ಹೋಗಿ ಒಂದಿಷ್ಟು ಕೂತು ಬರೋದು ನನ್ನ ಹಳೇ ರೂಢಿ. ಹೋದ ತಿಂಗಳು ಹಾಗೇ ಕೂತಿದ್ದಾಗ ರಿಟೈರ್ ಆದ ಮಾಸ್ತರೊಬ್ಬರು ಬಂದರು. ಕೈಯಲ್ಲಿ ಡಾಕ್ಟರ್ ಚೀಟಿ. ತಮಗೆ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ. ಮನೆಯವರಿಗೆ ಥೈರಾಯ್ಡ್ ಮಾತ್ರೆ. ಎಲ್ಲ ಆರು ತಿಂಗಳಿಗೆ ಆಗುವಷ್ಟು.

"ಇಷ್ಟ್ಯಾಕ್ರೀ ಸರ್, ಅಂಗಡಿ ಇಡ್ತೀರೇನು?" ಅಂತ ಗೆಳೆಯ ನಕ್ಕ.

"ಮಗಳ ಕಡಿ ಹೊಂಟೀವ್ರಿ, ಡಲ್ಲಾಸ್‌ಗೆ. ಏನರ ಮಾಡ್ರಿ, ಇಲ್ಲಿ ದವಾಖಾನಿಗಿ ಹೋಗೂ ಹಂಗ ಮಾತ್ರ ಮಾಡಬ್ಯಾಡ್ರಿ ಅಂದಾಳ."

ಗೆಳೆಯ ಸ್ಟ್ರಿಪ್‌ಗಳನ್ನು ಎಣಿಸಿ ರಬ್ಬರ್ ಬ್ಯಾಂಡ್ ಹಾಕತೊಡಗಿದ. ನಾನು ಮಾಸ್ತರ ಮುಖವನ್ನೇ ನೋಡುತ್ತಿದ್ದೆ. ಇಲ್ಲಿ ಎದೆ ಸ್ವಲ್ಪ ಹಿಡಿದಂತಾದರೂ ಜಯದೇವ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿಕೊಂಡು ಬರುವ ಮನುಷ್ಯ. ಮಗಳು, ಅಳಿಯ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು. ದುಡ್ಡಿಗೇನೂ ಬರ ಇಲ್ಲ. ಹಾಗಿದ್ದರೂ ದೊಡ್ಡ ದೊಡ್ಡ ಆಸ್ಪತ್ರೆ ಇರುವ ಊರಿಗೆ ಹೋಗುವಾಗ ಮಾತ್ರೆ ಇಲ್ಲಿಂದ ಹೊತ್ತುಕೊಂಡು ಹೋಗಬೇಕು. ಯಾಕೆ ಅಂತ ಡಾಕ್ಟರನ್ನು ಕೇಳಿದರೆ ಉತ್ತರ ಸಿಗಲ್ಲ. ಅದು ಪಾಸ್‌ಪೋರ್ಟ್‌ನಲ್ಲಿ ಅಂಟಿಸಿದ ವೀಸಾದಲ್ಲಿದೆ.

(ಅಂದ ಹಾಗೆ, ಹೊರಗಿನಿಂದ ಬರುವವರು ಸಾಮಾನ್ಯವಾಗಿ 90 ದಿನಕ್ಕೆ ಆಗುವಷ್ಟು ಮಾತ್ರೆ ತರಬಹುದು ಅನ್ನೋದು ಅಮೆರಿಕದ ಔಷಧ ಇಲಾಖೆಯ ಸೂಚನೆ. ಡಾಕ್ಟರ್ ಚೀಟಿ ಜೊತೆಗಿರಲಿ, ಮಾತ್ರೆ ಮೂಲ ಸ್ಟ್ರಿಪ್‌ನಲ್ಲೇ ಇರಲಿ. ಡಬ್ಬಿಗೆ ಸುರಿದುಕೊಂಡು ಹೋಗಬೇಡಿ.)

ವಲಸೆ ಕಾನೂನು ಅಂದ್ರೆ ನಮಗೆ ಕಣ್ಣಮುಂದೆ ಬರೋದು ಗಡಿ, ಬೇಲಿ, ವಿಮಾನ ನಿಲ್ದಾಣದ ಸಾಲು. ಅದೇ ಕಾನೂನು ಆಸ್ಪತ್ರೆಯ ಕೌಂಟರ್ ಹಿಂದೆಯೂ ಕೂತಿರುತ್ತದೆ. ಕೆಲವು ಸಲ ಅದು ಬಾಗಿಲು ಹಾಕಿಬಿಡುತ್ತದೆ. ಜಾಸ್ತಿ ಸಲ ಬಾಗಿಲು ತೆರೆದೇ ಇರುತ್ತದೆ, ಒಳಗೆ ಕಾಲಿಡಲು ಜನ ಹೆದರುತ್ತಾರೆ. ಕಾನೂನು ಮುಚ್ಚಿದ ಬಾಗಿಲುಗಳಿಗಿಂತ ಹೆದರಿಕೆ ಮುಚ್ಚಿಸಿದ ಬಾಗಿಲುಗಳೇ ಜಾಸ್ತಿ ಅಂತ ನನ್ನ ಲೆಕ್ಕ.

ಮೊದಲು ಕಾನೂನೇ ಮುಚ್ಚಿದ್ದನ್ನು ನೋಡೋಣ. ಅಮೆರಿಕದಲ್ಲಿ ನಮ್ಮೂರಿನ ಸರ್ಕಾರಿ ಆಸ್ಪತ್ರೆ ಜಿಮ್ಸ್ ತರಹ ಒಪಿಡಿ ಚೀಟಿ ಮಾಡಿಸಿ ಯಾರು ಬೇಕಾದರೂ ತೋರಿಸಿಕೊಂಡು ಬರುವ ಏರ್ಪಾಡು ಇಲ್ಲ. ದುಡಿಯುವವರಿಗೆ ಕಂಪನಿ ಕೊಡುವ ವಿಮೆ, ಬಡವರಿಗೆ ಸರ್ಕಾರದ ಮೆಡಿಕೇಡ್, 65 ದಾಟಿದವರಿಗೆ ಮೆಡಿಕೇರ್. ಇದ್ಯಾವುದೂ ಇಲ್ಲದವರಿಗೆ 2010ರ ಕಾಯ್ದೆ ತೆರೆದ ವಿಮಾ ಮಾರುಕಟ್ಟೆ. ಅಲ್ಲಿ ಆದಾಯ ನೋಡಿ ಸಹಾಯಧನ ಕೊಡುತ್ತಾರೆ. ಈ ನಾಲ್ಕು ಬಾಗಿಲಲ್ಲೂ ಕೇಳುವ ಪ್ರಶ್ನೆ ಒಂದೇ: ನೀನು ಈ ದೇಶಕ್ಕೆ ಏನಾಗಬೇಕು?

1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಲ್ಯಾಣ ಯೋಜನೆಗಳ ಕಾಯ್ದೆ ಇವತ್ತಿಗೂ ಈ ಪ್ರಶ್ನೆಯ ಬುಡ. ಅಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಸಿಕ್ಕರೂ ಮೆಡಿಕೇಡ್‌ಗೆ ಐದು ವರ್ಷ ಕಾಯಬೇಕು ಅಂತ ಅದು ಹೇಳಿತು. ಕೆಲಸದ ವೀಸಾದವರು ಆ ಲೆಕ್ಕಕ್ಕೇ ಬರಲ್ಲ. ಅಲ್ಲಿರಲು ಸರಿಯಾದ ಕಾಗದ ಇಲ್ಲದವರಂತೂ ದೂರ. 2009ರಲ್ಲಿ ಸ್ವಲ್ಪ ಸಡಿಲವಾಯಿತು. ಕಾನೂನುಬದ್ಧವಾಗಿ ಇರುವ ಮಕ್ಕಳು ಮತ್ತು ಗರ್ಭಿಣಿಯರಿಗೆ ಐದು ವರ್ಷದ ಷರತ್ತು ಬಿಡಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ಬಿಡಲೇಬೇಕು ಅಂತಲ್ಲ, ಬಿಡಬಹುದು ಅಷ್ಟೇ. ಹಾಗಾಗಿ ಒಂದೇ ವೀಸಾದ ಇಬ್ಬರು ಬಸುರಿಯರಿಗೆ ಪಕ್ಕಪಕ್ಕದ ಎರಡು ರಾಜ್ಯಗಳಲ್ಲಿ ಬೇರೆ ಬೇರೆ ಕಥೆ.

ಈಗ ನಮ್ಮ ಕಡೆಯ ಹುಡುಗರ ವಿಷಯ. ಕಲಬುರಗಿ, ಬೀದರ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿ, ಹೈದರಾಬಾದ್ ಇಲ್ಲವೇ ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಹೋದವರು ಮೆಡಿಕೇಡ್ ಕೇಳೋದಿಲ್ಲ. ಕಂಪನಿ ವಿಮೆ ಇರುತ್ತದೆ. ಹೆಂಡತಿ ಮಕ್ಕಳು ಎಚ್-4 ಮೇಲೆ ಅದೇ ವಿಮೆಯಲ್ಲಿ. ನೋಡಲು ಎಲ್ಲ ಚೆಂದ. ಆದರೆ ಕೆಲಸ, ವೀಸಾ, ವಿಮೆ ಮೂರೂ ಒಂದೇ ಗೂಟಕ್ಕೆ ಕಟ್ಟಿದ ಎತ್ತುಗಳು. ಗೂಟ ಕಿತ್ತರೆ ಮೂರೂ ಒಟ್ಟಿಗೇ ಹೋಗುತ್ತವೆ. ಕೆಲಸ ಹೋದ ಮೇಲೆ ಆ ದೇಶದಲ್ಲಿ ಉಳಿಯಲು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಹುಡುಕಬೇಕು. ಹಳೇ ಕಂಪನಿಯ ವಿಮೆಯನ್ನೇ ಮುಂದುವರಿಸಲು ಕೋಬ್ರಾ ಅನ್ನುವ ಕಾನೂನಿದೆ, ಸಾಮಾನ್ಯವಾಗಿ 18 ತಿಂಗಳವರೆಗೆ. ಆದರೆ ಅಲ್ಲಿಯತನಕ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಇಡೀ ಕಂತು ಇವರೇ ಕಟ್ಟಬೇಕು. ಹೆಂಡತಿಗೆ ಏಳು ತಿಂಗಳು, ಗಂಡನಿಗೆ ಕೆಲಸ ಇಲ್ಲ, ಕೈಯಲ್ಲಿ 60 ದಿನ. ಆ ಮನೆಯ ರಾತ್ರಿಗಳು ಹೇಗಿರುತ್ತವೆ, ನೀವೇ ಯೋಚಿಸಿ.

ಇಂಥವರು ವಿಮಾ ಮಾರುಕಟ್ಟೆಗೆ ಹೋಗಬಹುದಿತ್ತು. ಆದಾಯ ಬಿದ್ದಿದ್ದರೆ ಸಹಾಯಧನವೂ ಸಿಗುತ್ತಿತ್ತು. 2025ರ ಜುಲೈ 4ರಂದು ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ದೊಡ್ಡ ಬಜೆಟ್ ಕಾಯ್ದೆ ಇದಕ್ಕೂ ಕತ್ತರಿ ಹಾಕಿದೆ. 2027ರಿಂದ ಆ ಸಹಾಯಧನ ನಾಗರಿಕರು, ಗ್ರೀನ್ ಕಾರ್ಡಿನವರು ಮತ್ತು ಕ್ಯೂಬಾ, ಹೈಟಿ, ಕೆಲವು ಪೆಸಿಫಿಕ್ ದ್ವೀಪಗಳಿಂದ ಬಂದ ನಿರ್ದಿಷ್ಟ ಗುಂಪುಗಳಿಗೆ ಮಾತ್ರ. ಕೆಲಸದ ವೀಸಾದವರಿಗೆ ಇಲ್ಲ. ಆಶ್ರಯ ಕೇಳಿ ಬಂದು, ಕೋರ್ಟಿನಲ್ಲಿ ಗೆದ್ದು ನಿರಾಶ್ರಿತರಾದವರಿಗೂ ಇಲ್ಲ. ಮೆಡಿಕೇಡ್‌ನಲ್ಲಿ ಇದೇ ಕಡಿತ 2026ರ ಅಕ್ಟೋಬರ್‌ನಿಂದ. ಇವರು ಕಾಗದ ಇಲ್ಲದವರಲ್ಲ ಅನ್ನೋದನ್ನು ಗಮನಿಸಿ. ಸರ್ಕಾರವೇ ಇರಲು ಒಪ್ಪಿಗೆ ಕೊಟ್ಟ, ತೆರಿಗೆ ಕಟ್ಟುವ ಜನ.

ಇನ್ನು ಹೆರಿಗೆ ಕೋಣೆ. 2025ರ ಜನವರಿ 20ರಂದು ಟ್ರಂಪ್ ಅವರದೊಂದು ಆದೇಶ ಬಂತು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ನಾಗರಿಕನೋ ಗ್ರೀನ್ ಕಾರ್ಡಿನವನೋ ಅಲ್ಲದಿದ್ದರೆ ಅಲ್ಲಿ ಹುಟ್ಟಿದ ಮಗುವಿಗೂ ಪೌರತ್ವ ಇಲ್ಲ ಅಂತ. 30 ದಿನಗಳ ನಂತರ ಹುಟ್ಟುವ ಮಕ್ಕಳಿಗೆ ಅನ್ವಯ. ಆ ತಾರೀಖಿನೊಳಗೆ ಸಿಸೇರಿಯನ್ ಮಾಡಿಬಿಡಿ ಅಂತ ಭಾರತೀಯ ದಂಪತಿಗಳು ಡಾಕ್ಟರನ್ನು ಕೇಳುತ್ತಿದ್ದಾರೆ ಅನ್ನುವ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂತು. ಕೋರ್ಟುಗಳು ಆದೇಶವನ್ನು ತಡೆದವು, ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಆದರೆ ದಿನ ತುಂಬದ ಕೂಸನ್ನು ಹೊರತೆಗೆಯಿರಿ ಅಂತ ಒಬ್ಬ ತಾಯಿ ಕೇಳುವಂತೆ ಮಾಡಲು ಆ ಆದೇಶ ಜಾರಿಗೆ ಬರಬೇಕಾಗಲೇ ಇಲ್ಲ. ಅಲ್ವಾ?

ಮಾಸ್ತರಂಥ ಅಪ್ಪ ಅಮ್ಮಂದಿರದು ಬೇರೆಯೇ ಪಾಡು. ಪ್ರವಾಸಿ ವೀಸಾದ ಮೇಲೆ ಹೋಗುವವರಿಗೆ ಸರ್ಕಾರದ ಯಾವ ಯೋಜನೆಯೂ ಇಲ್ಲ. ಯುರೋಪಿನ ಷೆಂಗೆನ್ ದೇಶಗಳಾದರೆ 30,000 ಯೂರೋ ವಿಮೆ ಇಲ್ಲದೆ ವೀಸಾನೇ ಕೊಡಲ್ಲ. ಅಮೆರಿಕ ಅದನ್ನು ಕೇಳುವುದೂ ಇಲ್ಲ. ನಾವೇ ಪ್ರವಾಸಿ ವಿಮೆ ಕೊಳ್ಳಬೇಕು. ಅದರಲ್ಲಿ ಹೆಚ್ಚಿನವು ಮೊದಲೇ ಇದ್ದ ಕಾಯಿಲೆಯನ್ನು ಬಿಟ್ಟುಬಿಡುತ್ತವೆ. ಅರವತ್ತೈದು ದಾಟಿದವರ ಮೈಯಲ್ಲಿ ಮೊದಲೇ ಇರದ ಕಾಯಿಲೆ ಯಾವುದಿರುತ್ತೆ ಹೇಳಿ!

ಮಗಳು ಅಲ್ಲಿಯ ನಾಗರಿಕಳಾಗಿ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದರೆ? ಆಗ ಆಕೆ ಒಂದು ಮುಚ್ಚಳಿಕೆಗೆ ಸಹಿ ಹಾಕಬೇಕು. ಇವರು ಸರ್ಕಾರಕ್ಕೆ ಭಾರವಾಗಲ್ಲ, ನಾನೇ ನೋಡಿಕೊಳ್ಳುತ್ತೇನೆ ಅಂತ. ಮೆಡಿಕೇಡ್‌ಗೆ ಐದು ವರ್ಷ ಕಾಯಬೇಕು. 65 ದಾಟಿದವರು ಐದು ವರ್ಷ ಸತತವಾಗಿ ಅಲ್ಲೇ ಇದ್ದ ಮೇಲೆ ಮೆಡಿಕೇರ್ ಅನ್ನು ದುಡ್ಡು ಕಟ್ಟಿ ಕೊಳ್ಳಬಹುದು. ಅಲ್ಲಿಯವರೆಗೆ ಖಾಸಗಿ ವಿಮೆ. ಅದಕ್ಕೂ ಮೊದಲು ಮುಂಬೈ ಕಾನ್ಸುಲೇಟ್‌ನಲ್ಲಿ ಸಂದರ್ಶನ ಇದೆ. ಅಲ್ಲಿ ಈಗ ಇನ್ನೊಂದು ತಿರುವು. 2025ರ ನವೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ವೀಸಾ ಅಧಿಕಾರಿಗಳಿಗೆ ಒಂದು ಸೂಚನೆ ಕಳಿಸಿದ್ದು ಬಯಲಾಯಿತು. ಕಾಯಂ ನೆಲೆಸಲು ಬರುವವರಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಬೊಜ್ಜು ಇದ್ದರೆ ಮುಂದೆ ಅದರ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ ಅಂತ ಲೆಕ್ಕ ಹಾಕಿ ಅನ್ನೋದು ಅದರ ಸಾರ. ಮೊದಲು ಮುಖ್ಯವಾಗಿ ಟಿಬಿಯಂಥ ಅಂಟುರೋಗ ನೋಡುತ್ತಿದ್ದರು. ಈಗ ನಮ್ಮಲ್ಲಿ ಮನೆಗೊಬ್ಬರಿಗೆ ಅನ್ನುವಂತೆ ಇರುವ ಸಕ್ಕರೆ ಕಾಯಿಲೆಯೂ ವೀಸಾದ ಪ್ರಶ್ನೆ.

ಇದರ ಬೇರು ಬಹಳ ಹಳೇದು. 1882ರಲ್ಲೇ ಅಮೆರಿಕ 'ಪಬ್ಲಿಕ್ ಚಾರ್ಜ್' ಅಂತ ಒಂದು ಮಾತು ಕಾನೂನಿಗೆ ಸೇರಿಸಿತು. ಊರಿಗೆ ಹೊರೆಯಾಗುವವರು ಬೇಡ ಅಂತ ಅದರ ಅರ್ಥ. ಯಾರು ಹೊರೆ ಅನ್ನೋದು ಮಾತ್ರ ಸರ್ಕಾರ ಬದಲಾದಂತೆಲ್ಲ ಬದಲಾಗುತ್ತದೆ. ಬಹಳ ವರ್ಷ ಮುಖ್ಯವಾಗಿ ಕೈಗೆ ನಗದು ಸಹಾಯ ಪಡೆಯುವವರನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. 2018ರ ಕೊನೆಗೆ ಟ್ರಂಪ್ ಸರ್ಕಾರ ಮೆಡಿಕೇಡ್ ಅನ್ನೂ ಸೇರಿಸಲು ಕರಡು ತಂದಿತು. ಆ ನಿಯಮ ಜಾರಿಯಾದದ್ದು 2020ರ ಫೆಬ್ರವರಿಯಲ್ಲಿ. 2021ರಲ್ಲಿ ಹೋಯಿತು, 2022ರಲ್ಲಿ ಹಳೇ ದಾರಿಯ ಹೊಸ ನಿಯಮ ಬಂತು. ಅದನ್ನೂ ತೆಗೆಯುತ್ತೇವೆ ಅಂತ 2025ರ ನವೆಂಬರ್‌ನಲ್ಲಿ ಪ್ರಸ್ತಾವ.

ಇಲ್ಲೊಂದು ಅಂಕಿ ಹೇಳಲೇಬೇಕು. ಅರ್ಬನ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಶೋಧನಾ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಸಮೀಕ್ಷೆ ಮಾಡಿತು. ಆಗ ನಿಯಮ ಇನ್ನೂ ಕರಡು, ಜಾರಿಗೆ ಒಂದು ವರ್ಷಕ್ಕೂ ಜಾಸ್ತಿ ಬಾಕಿ. ಆದರೂ ವಲಸಿಗ ಕುಟುಂಬಗಳ ಏಳು ಜನ ವಯಸ್ಕರಲ್ಲಿ ಒಬ್ಬರು, ಗ್ರೀನ್ ಕಾರ್ಡಿಗೆ ಎಲ್ಲಿ ಕುತ್ತು ಬರುತ್ತೋ ಅಂತ ತಾವೋ ಮನೆಯವರೋ ಸರ್ಕಾರದ ಸವಲತ್ತಿನಿಂದ ದೂರ ಉಳಿದಿದ್ದಾಗಿ ಹೇಳಿದರು. ಅವರಲ್ಲಿ ಆ ನಿಯಮ ಮುಟ್ಟಲೂ ಆಗದ ಜನ ಇದ್ದರು. ಈಗಾಗಲೇ ಗ್ರೀನ್ ಕಾರ್ಡ್ ಕೈಯಲ್ಲಿದ್ದವರು ಕೂಡ.

ಇದು ನಮಗೆ ಗೊತ್ತಿಲ್ಲದ ಮನಸ್ಸೇನಲ್ಲ. ರೇಷನ್ ಕಾರ್ಡ್ ರದ್ದು ಮಾಡ್ತಾರಂತೆ ಅಂತ ಓಣಿಯಲ್ಲಿ ಒಂದು ಮಾತು ಹುಟ್ಟಿದರೆ ಸಾಕು, ಅರ್ಹರಿದ್ದವರೂ ಇನ್ನೊಂದು ಅರ್ಜಿ ಹಾಕಲು ಹೆದರುತ್ತಾರೆ. ಇರೋದೂ ಹೋದೀತು ಅಂತ. ಅಮೆರಿಕದ ನಾಲ್ಕು ಮಕ್ಕಳಲ್ಲಿ ಸುಮಾರು ಒಬ್ಬರ ತಂದೆಯೋ ತಾಯಿಯೋ ಹೊರಗಿನಿಂದ ಬಂದವರು. ಮಗು ಅಲ್ಲೇ ಹುಟ್ಟಿದ ನಾಗರಿಕ, ಬಡತನ ಇದ್ದರೆ ಮೆಡಿಕೇಡ್ ಅದರ ಹಕ್ಕು. ಆದರೆ ಅರ್ಜಿಯಲ್ಲಿ ಮನೆಯ ವಿಳಾಸ ಬರೆಯಬೇಕು. ಅದೇ ವಿಳಾಸದಲ್ಲಿ ಕಾಗದ ಇಲ್ಲದ ಅಪ್ಪ ಇದ್ದಾನೆ. 2025ರ ಜೂನ್‌ನಲ್ಲಿ ಮೆಡಿಕೇಡ್ ಪಟ್ಟಿಯ ವಿವರಗಳು ಗಡೀಪಾರು ಮಾಡುವ ಇಲಾಖೆಯ ಕೈ ಸೇರಿದವು. ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ರಾಜ್ಯಗಳು ಕೋರ್ಟ್ ಮೆಟ್ಟಿಲು ಹತ್ತಿದವು. ಕೋರ್ಟ್ ಏನೇ ಹೇಳಲಿ, ಸುದ್ದಿ ಕೇಳಿದ ತಾಯಿ ಮಗುವಿನ ಅರ್ಜಿಯನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುತ್ತಾಳೆ.

ಆಸ್ಪತ್ರೆ, ಶಾಲೆ, ಚರ್ಚುಗಳಲ್ಲಿ ಸಾಧಾರಣವಾಗಿ ವಲಸೆ ಅಧಿಕಾರಿಗಳು ಯಾರನ್ನೂ ಹಿಡಿಯಬಾರದು ಅಂತ 2011ರಿಂದ ಒಂದು ಸೂಚನೆ ಇತ್ತು. 2025ರ ಜನವರಿಯಲ್ಲಿ ಅದನ್ನೂ ತೆಗೆದರು. ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯದಲ್ಲಂತೂ 2024ರ ನವೆಂಬರ್ 1ರಿಂದ ಆಸ್ಪತ್ರೆಯವರೇ ರೋಗಿಯನ್ನು ಕೇಳುತ್ತಾರೆ, ನೀವು ನಾಗರಿಕರೇ, ಕಾನೂನುಬದ್ಧವಾಗಿ ಇದ್ದೀರಾ ಅಂತ. ಉತ್ತರ ಏನಿದ್ದರೂ ಚಿಕಿತ್ಸೆಗೆ ತೊಂದರೆ ಇಲ್ಲ ಅಂತಲೂ ಹೇಳಬೇಕು, ಅದೂ ಆದೇಶದಲ್ಲಿದೆ. ಎದೆ ಹಿಡಿದುಕೊಂಡು ಬಂದವನಿಗೆ ಮೊದಲಿನ ಪ್ರಶ್ನೆ ಕೇಳಿಸುತ್ತದೆ, ನಂತರದ ಸಮಾಧಾನ ಕೇಳಿಸುವುದಿಲ್ಲ.

ಎಲ್ಲ ಒಂದೇ ಕಡೆ ಹೋಗುತ್ತಿದೆ ಅಂತಲೂ ಅಲ್ಲ. ಕ್ಯಾಲಿಫೋರ್ನಿಯಾ 2024ರ ಜನವರಿಯಲ್ಲಿ ಕಾಗದ ಇಲ್ಲದ ಎಲ್ಲ ವಯಸ್ಸಿನ ಬಡವರಿಗೂ ತನ್ನ ಯೋಜನೆ ತೆರೆದಿತ್ತು. ಖರ್ಚು ಕೈಮೀರಿದ ಮೇಲೆ 2026ರ ಜನವರಿಯಿಂದ ಹೊಸ ವಯಸ್ಕರನ್ನು ಸೇರಿಸಿಕೊಳ್ಳೋದು ನಿಲ್ಲಿಸಿತು. ಇಲಿನಾಯ್ ಕೂಡ 42ರಿಂದ 64 ವಯಸ್ಸಿನವರ ಯೋಜನೆಯನ್ನು 2025ರ ಜುಲೈಯಲ್ಲಿ ಮುಚ್ಚಿತು. ಹೊರಗಿನವರ ಚಿಕಿತ್ಸೆಗೆ ನಮ್ಮ ತೆರಿಗೆ ಯಾಕೆ ಅನ್ನುವ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಬಿಪಿ ಮಾತ್ರೆ ತಪ್ಪಿಸಿದವನು ಒಂದು ದಿನ ಲಕ್ವ ಹೊಡೆಸಿಕೊಂಡು ಎಮರ್ಜೆನ್ಸಿಗೆ ಬಂದೇ ಬರುತ್ತಾನೆ. ಆಗ ಅವನನ್ನು ವಾಪಸ್ ಕಳಿಸುವಂತಿಲ್ಲ. ಮಾತ್ರೆಯ ಖರ್ಚು ಯಾವುದು, ಲಕ್ವದ ಖರ್ಚು ಯಾವುದು ಅಂತ ಔಷಧಿ ಅಂಗಡಿಯ ಹುಡುಗನೂ ಹೇಳಬಲ್ಲ.

ಕೊಲ್ಲಿ ದೇಶಗಳಲ್ಲಿ ಆಟ ಬೇರೆ. ಬೀದರ್, ಕಲಬುರಗಿಯಿಂದ ಸೌದಿ, ದುಬೈಗೆ ಹೋದವರ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ವಿಮೆ ಕಡ್ಡಾಯ, ಮಾಲೀಕನೇ ಮಾಡಿಸಬೇಕು. ಯುಎಇಯ ಎಲ್ಲ ಏಳು ಎಮಿರೇಟ್‌ಗಳಲ್ಲಿ 2025ರ ಜನವರಿಯಿಂದ ಖಾಸಗಿ ನೌಕರರಿಗೆ ವಿಮೆ ಇಲ್ಲದೆ ವೀಸಾ ಆಗೋದೇ ಇಲ್ಲ. ಕೇಳಲು ಅಮೆರಿಕಕ್ಕಿಂತ ಚೆಂದ. ಆದರೆ ಈ ವಿಮೆ ವೀಸಾದ ಬಾಲ. ಸೌದಿಯಲ್ಲಿ ಇಕಾಮಾ, ಅಂದ್ರೆ ವಾಸದ ಪರವಾನಗಿ, ಇರುವ ತನಕ ಇನ್ಶೂರೆನ್ಸ್. ಮಾಲೀಕ ಇಕಾಮಾ ನವೀಕರಿಸದೆ ಬಿಟ್ಟರೆ, ಇಲ್ಲವೇ ಇವನು ಓಡಿಹೋದ ಅಂತ 'ಹುರೂಬ್' ಬರೆಸಿದರೆ ಅಲ್ಲಿಗೆ ಮುಗಿಯಿತು. ಕಿಡ್ನಿ ಕಲ್ಲಿನ ನೋವಿಗೂ ಆಸ್ಪತ್ರೆಗೆ ಹೋಗುವ ಧೈರ್ಯ ಇರಲ್ಲ. ಹೋಗುವ ಮುಂಚೆ ಹೈದರಾಬಾದ್‌ನಲ್ಲೋ ಮುಂಬೈಯಲ್ಲೋ ಮೆಡಿಕಲ್ ಆಗಬೇಕು. ಎಕ್ಸ್‌ರೇಯಲ್ಲಿ ಹಳೇ ಟಿಬಿಯ ಗುರುತು ಕಂಡರೂ 'ಅನ್‌ಫಿಟ್'. ಕಾಯಿಲೆ ಯಾವತ್ತೋ ವಾಸಿಯಾಗಿರುತ್ತದೆ, ಏಜೆಂಟನಿಗೆ ಕೊಡಲು ಮಾಡಿದ ಸಾಲ ಮಾತ್ರ ಉಳಿದಿರುತ್ತದೆ. 2017ರ ಜುಲೈಯಲ್ಲಿ ಸೌದಿ ಸರ್ಕಾರ ಜೊತೆಗಿರುವ ಹೆಂಡತಿ ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಾ ವರ್ಷ ಏರಿ 2020ಕ್ಕೆ ಅದು 400 ಆಯಿತು. ಎಷ್ಟೋ ಸಂಸಾರ ಊರಿಗೆ ಮರಳಿದವು. ದುಡಿಯುವವನ ವಿಮೆ ಅಲ್ಲಿ, ಕಾಯಿಲೆ ಬೀಳುವವರು ಇಲ್ಲಿ.

ಹತ್ತನೇ ಕ್ಲಾಸ್ ಪಾಸಾಗದವರು ಕೊಲ್ಲಿಯಂಥ ದೇಶಗಳಿಗೆ ದುಡಿಯಲು ಹೋಗುವಾಗ ನಮ್ಮ ಸರ್ಕಾರ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ ಮಾಡಿದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ 10 ಲಕ್ಷ. ಆ ಕಾಗದ ಟ್ರಂಕಿನಲ್ಲಿ ಬಿದ್ದಿರುತ್ತದೆ, ಅದು ಏನು ಅಂತ ಮನೆಯವರಿಗೇ ಗೊತ್ತಿರಲ್ಲ. ನಿಮ್ಮ ಮನೆಯಲ್ಲಿ ಇದ್ದರೆ ಇವತ್ತೇ ತೆಗೆದು ನೋಡಿ.

ಅಮೆರಿಕದ ಕಥೆ ಹೇಳಿ ನಾವು ಎದೆಯುಬ್ಬಿಸಿ ಕೂರುವಂತೇನೂ ಇಲ್ಲ. 2025ರ ಸೆಪ್ಟೆಂಬರ್ 1ರಿಂದ ನಮ್ಮಲ್ಲೂ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1920ರಿಂದ ಬಂದ ನಾಲ್ಕು ಹಳೇ ಕಾಯ್ದೆಗಳನ್ನು ಅದು ಬದಲಿಸಿತು. ಒಳರೋಗಿಯಾಗಿ ಸೇರಿದ ವಿದೇಶಿಯರ ಮಾಹಿತಿಯನ್ನು ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳು ನೋಂದಣಿ ಅಧಿಕಾರಿಗೆ ಕೊಡಬೇಕು ಅಂತ ಅದರಲ್ಲಿದೆ. ಸಂವಿಧಾನದ 21ನೇ ವಿಧಿ ನಾಗರಿಕರಿಗೆ ಮಾತ್ರ ಅನ್ನಲ್ಲ, ಯಾವುದೇ ವ್ಯಕ್ತಿಗೆ ಅನ್ನುತ್ತದೆ. ತುರ್ತು ಚಿಕಿತ್ಸೆ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೂ 1996ರಲ್ಲೂ ಹೇಳಿದೆ. ಚಿಕಿತ್ಸೆ ಸಿಗುತ್ತದೆ, ಜೊತೆಗೆ ಹೆಸರೂ ಹೋಗುತ್ತದೆ. ಡಲ್ಲಾಸ್‌ನಲ್ಲಿ ಅದು ಯಾವ ಹೆದರಿಕೆ ಹುಟ್ಟಿಸಿತೋ ಇಲ್ಲೂ ಅದನ್ನೇ ಹುಟ್ಟಿಸುತ್ತದೆ.

ವೀಸಾನೇ ಬೇಡದ ವಲಸೆಯೂ ಇದೆ. ಯಾದಗಿರಿಯ ತಾಂಡಾಗಳಿಂದ ಪುಣೆ, ಮುಂಬೈಗೆ ಗುಳೆ ಹೋಗುವವರು ಇದೇ ದೇಶದ ನಾಗರಿಕರು. ಗುತ್ತಿಗೆದಾರ ಉಚಿತವಾಗಿ ಔಷಧೋಪಚಾರ ಕೊಡಿಸಬೇಕು ಅಂತ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಂದು ಅದು ಹೊಸ ಕಾರ್ಮಿಕ ಸಂಹಿತೆಯೊಳಗೆ ಕರಗಿತು. ಆಯುಷ್ಮಾನ್ ಕಾರ್ಡ್ ದೇಶದಲ್ಲೆಲ್ಲ ನಡೆಯುತ್ತದೆ ಅಂತ ಕಾಗದದ ಮೇಲೆ ಇದೆ. ಆದರೆ ಪುಣೆಯ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿರುವ ಹೆಣ್ಣುಮಗಳು ಎಂಟನೇ ತಿಂಗಳಿಗೆ ರೈಲು ಹತ್ತಿ ಊರಿಗೆ ಬರುತ್ತಾಳೆ. ತಾಯಿ ಕಾರ್ಡ್ ಇಲ್ಲಿದೆ, ಆಶಾ ಅಕ್ಕ ಇಲ್ಲಿದ್ದಾಳೆ, ಅವಳ ಮಾತು ತಿಳಿಯುವ ನರ್ಸ್ ಇಲ್ಲಿದ್ದಾಳೆ. ಯಾವ ಕಾನೂನೂ ಅವಳನ್ನು ಪುಣೆಯ ಆಸ್ಪತ್ರೆಯಿಂದ ತಡೆದಿರಲಿಲ್ಲ.

ಮಾಸ್ತರು ಬಿಲ್ ಕೊಟ್ಟು ಹೊರಡುವಾಗ ನನ್ನ ಕಡೆ ತಿರುಗಿದರು. ನಾನು ಇಂಥದ್ದನ್ನೆಲ್ಲ ಓದುತ್ತೇನೆ ಅಂತ ಅವರಿಗೆ ಗೊತ್ತು.

"ಒಂದ್ ಮಾತ್ ಕೇಳ್ತೀನ್ರಿ. ನಡುರಾತ್ರಿ ಎದಿನೋವೇ ಬಂದ್ರ?"

"ಹೋಗಬೇಕ್ರಿ ಸರ್. 1986ರಿಂದ ಅಲ್ಲೊಂದು ಕಾನೂನು ಅದ. ಎಮರ್ಜೆನ್ಸಿ ಇರೋ ದವಾಖಾನಿ ಯಾರನ್ನೂ ಹೊಳ್ಳಿ ಕಳಸೂ ಹಂಗಿಲ್ಲ. ದುಡ್ಡು ಕೊಡೋ ತಾಕತ್ತು ಅದನೋ ಇಲ್ಲೋ, ವೀಸಾ ಎಂಥಾದ್ದು, ಏನೂ ನೋಡೂ ಹಂಗಿಲ್ಲ. ಮೊದಲ ಜೀವಕ್ಕ ಏನ್ ಬೇಕೋ ಅದನ್ನ ಮಾಡಬೇಕು."

"ಮತ್ತ ಬಿಲ್ಲು?"

"ಬಿಲ್ಲು ಆಮ್ಯಾಲ ಬರ್ತದ್ರಿ. ಮಸ್ತ್ ದೊಡ್ಡದೇ ಬರ್ತದ. ಅದಕ್ಕೇ ವಿಮಾ ಮಾಡಸ್ಕೊಂಡು ಹೋಗ್ರಿ. ಆದ್ರ ಮಗಳು ಬೈತಾಳ ಅಂತ ನೋವು ತಡಕೊಂಡು ಮಕ್ಕೋಬ್ಯಾಡ್ರಿ."

ಅವರು ಜೇಬಿನಿಂದ ಸಣ್ಣ ಡೈರಿ ತೆಗೆದರು. ಗೆಳೆಯನ ಪೆನ್ನು ಇಸಿದುಕೊಂಡು ಅಲ್ಲಿಯ ಎಮರ್ಜೆನ್ಸಿ ನಂಬರ್ 911 ಅಂತ ಬರೆದರು. ಅದರ ಕೆಳಗೆ ಅಡ್ಡಗೆರೆ ಎಳೆದರು. ಆಮೇಲೆ ಏನೋ ನೆನಪಾಗಿ, ಇನ್ನೆರಡು ಸ್ಟ್ರಿಪ್ ಬಿಪಿ ಮಾತ್ರೆ ಜಾಸ್ತಿ ಕೊಡ್ರಿ ಅಂದರು.